ಒಗೆಯುವ ಕಲ್ಲಿನ ವೀರ

ಅವತ್ತು ಮುಂಜಾನೆ ಚಹಾದಂಗಡಿಯ ಗುಲಾಮಹುಸೇನ ಬಾಯಿ ಮುಚ್ಚಿಕೊಂಡಿದ್ದರೆ ಹೊಳೆಪ್ಪನ ಕಡಲೆ ಹೊಲ ತನ್ನ ಪಾಡಿಗೆ ತಾನು ಕಾಯಿ ಕಟ್ಟುತ್ತಿತ್ತು.

"ಧಾರವಾಡದ ಪುರಾತತ್ವ ಇಲಾಖೆಯಿಂದ ಮೇಡಮ್ಮಾರು ಬರಾಕತ್ತಾರಪಾ, ಹಾಳೂರು ನೋಡಾಕ. ಅಲ್ಲೀ ಕಲ್ಲು ಯಾರ ಮನ್ಯಾಗ ಸಿಕ್ಕರೂ ಕೇಸ್ ಅಂತ!"

ಹೊಳೆಪ್ಪ ಕುಡಿಯುತ್ತಿದ್ದ ಚಹಾ ಅರ್ಧಕ್ಕೇ ಇಟ್ಟ. ಬೆಣ್ಣಿಹಳ್ಳದ ದಂಡೆಯ ದಿಬ್ಬದ ಮೇಲೆ ಎಂದೋ ಜನ ಬಿಟ್ಟುಹೋದ ಊರು ಆ ಹಾಳೂರು. ಅಲ್ಲಿನ ಕಲ್ಲುಗಳು ಒಂದೊಂದಾಗಿ ಈ ಊರಿಗೆ ಬಂದು ಮೆಟ್ಟಿಲಾಗಿದ್ದವು, ಖಾರ ಅರೆಯುವ ಕಲ್ಲಾಗಿದ್ದವು. ಹೊಳೆಪ್ಪನ ಹೆಂಡತಿ ರೇವವ್ವ ಇಪ್ಪತ್ತು ವರ್ಷದಿಂದ ಬಟ್ಟೆ ಒಗೆಯುತ್ತಿದ್ದುದೂ ಅಂಥದೇ ಒಂದು ಅರ್ಧ ಮುರಿದ ಕಲ್ಲಿನ ಮೇಲೆ. ಸಾಲದ್ದಕ್ಕೆ, ಮೇಡಮ್ಮನವರಿಗೆ ಹಾಳೂರು ತೋರಿಸುವ ಕೆಲಸವನ್ನು ಪಂಚಾಯಿತಿಯವರು ಅವನಿಗೇ ಒಪ್ಪಿಸಿದ್ದರು.

ಮನೆಗೆ ಓಡಿ, ಹಾರೆಯಿಂದ ಕಲ್ಲು ಎಬ್ಬಿಸಿ ಚಕ್ಕಡಿಗೆ ಹೇರಿದ.

"ಏನ್ರೀ, ನಾ ಬಟ್ಟಿ ನಿಮ್ಮ ತಲಿ ಮ್ಯಾಲ ಒಗೀಲೇನು?" ರೇವವ್ವ ಕೂಗಿದಳು.

"ಜೈಲಿಗೆ ಹೋದ್ರ ಒಗ್ಯಾಕ ಬಟ್ಟೀನs ಇರೂದಿಲ್ಲ, ಸುಮ್ನಿರು!"

ಹಾಳೂರಿನ ದಿಬ್ಬ ಇನ್ನೂ ಎರಡು ಹೊಲದಾಚೆ ಇರುವಾಗಲೇ, ಹಿಂದಿನ ದಿನದ ಮಳೆಗೆ ನೆನೆದ ಎರೆಮಣ್ಣು ಗಾಲಿಯನ್ನು ಹಲ್ವಾದಂತೆ ಹಿಡಿದುಕೊಂಡಿತು. ಎತ್ತುಗಳು ಕದಲಲಿಲ್ಲ. ಹೊಳೆಪ್ಪ ಬೇರೆ ದಾರಿ ಕಾಣದೆ ಕಲ್ಲನ್ನು ಪಕ್ಕದಲ್ಲಿದ್ದ ತನ್ನದೇ ಕಡಲೆ ಹೊಲದಲ್ಲಿ ಉರುಳಿಸಿದ. ಅದು ಮಗುಚಿ ಬಿತ್ತು. ಇಪ್ಪತ್ತು ವರ್ಷ ಮಣ್ಣಲ್ಲಿ ಮುಖ ಮುಚ್ಚಿಕೊಂಡಿದ್ದ ಬದಿ ಮೇಲಾಯಿತು.

ಅದರಲ್ಲೊಬ್ಬ ವೀರ ಕುದುರೆಯ ಮೇಲೆ ಕತ್ತಿ ಎತ್ತಿ ಕೂತಿದ್ದ. ಕುದುರೆಯ ಕೊರಳ ಗೆಜ್ಜೆಯ ಒಂದೊಂದು ಕಾಳನ್ನೂ ಎಣಿಸಬಹುದಿತ್ತು. ಹೊಳೆಪ್ಪ ಅಂಗೈಯಿಂದ ಮಣ್ಣು ಒರೆಸಿದ. "ಎಂಥಾ ಕೈಯೋ ನಿಂದು, ಕೆತ್ತಿದಾವಾ," ಎಂದುಕೊಂಡ. ತನ್ನ ಚಡ್ಡಿ ಬನೀನುಗಳ ಏಟು ತಿಂದ ವೀರನಿಗೆ ಕೈ ಮುಗಿದು ಸ್ನಾನಕ್ಕೆ ಓಡಿದ.

ಹನ್ನೊಂದಕ್ಕೆ ನವಲಗುಂದದ ಬಸ್ಸಿನಿಂದ ಅಮೃತಾ ಮೇಡಂ ಇಳಿದರು. ಕೊರಳಲ್ಲಿ ಕ್ಯಾಮೆರಾ, ಕೈಯಲ್ಲಿ ಅಳತೆಯ ಟೇಪು.

"ಕಾಕಾ, ಊರವ್ರು ಹಾಳೂರಿನ ಕಲ್ಲು ಮನೀಗೆ ತಂದಿಲ್ಲಲ್ರಿ?"

"ಒಂದ ಚೂರು ಸೈತ ಮುಟ್ಟಿಲ್ರಿ. ನಮ್ಮ ಮಂದಿ ಅಗದಿ ದೇವ್ರಂಥವ್ರು."

ದಿಬ್ಬದ ದಾರಿ ಹಿಡಿದು ಬಂದರೆ, ದೇವರಂಥ ಮಂದಿ ಅವನ ಹೊಲದಲ್ಲೇ ನಿಂತಿದ್ದರು. ಕಡಲೆಯ ನಡುವೆ ಸಾಲಾಗಿ ಇಪ್ಪತ್ತೆರಡು ಕಲ್ಲು! ಹಾಳೂರಿನ ಗಡಿ ಯಾರಿಗೂ ಗೊತ್ತಿರಲಿಲ್ಲ. ದಾರಿ ತೋರಿಸುವವನೇ ಇಲ್ಲಿ ಇಟ್ಟಿದ್ದಾನೆಂದರೆ ಇದೇ ಜಾಗವೆಂದು, ಅವನು ಸ್ನಾನ ಮುಗಿಸಿ ಬಸ್ಸಿಗೆ ಕಾಯುವಷ್ಟರಲ್ಲಿ ಎಲ್ಲರೂ ತಮ್ಮ ತಮ್ಮ ಮನೆಯ ಕಲ್ಲನ್ನು ಇಲ್ಲಿಗೇ ತಂದಿದ್ದರು.

"ನಾ ಸಣ್ಣಾಕಿ ಇದ್ದಾಗಿಂದ ಇಲ್ಲೇ ಅದಾವ ನೋಡವ್ವಾ," ಎಂದಳು ಪಕ್ಕದ ಮನೆಯ ಮೈಲಾರವ್ವ, ಇನ್ನೂ ಏದುಸಿರು ಬಿಡುತ್ತ.

ಅಮೃತಾ ಮಂಡಿಯೂರಿ ಕೂತರು. ಕಣ್ಣಲ್ಲಿ ನೀರೇ ಬಂತು. "ಎಷ್ಟು ಛಂದ ಕಾಪಾಡೀರಿ! ವಿಭೂತಿ ಹಚ್ಚೀರಿ, ಕುಂಕುಮಾ ಏರಿಸೀರಿ..."

ವಿಭೂತಿ ಕಲ್ಲಿನ ಅಂಚಿಗಂಟಿದ್ದ ರೇವವ್ವನ ಸೋಪಿನ ಪುಡಿ, ಕುಂಕುಮ ಮೈಲಾರವ್ವನ ಖಾರ. ಅಮೃತಾ ಟೇಪು ಹಿಡಿದು ಅಳೆಯತೊಡಗಿದರು.

"ಹಾಳೂರು ಆ ದಿಬ್ಬದ ಮ್ಯಾಲಿರಲಿಲ್ಲ. ಇಲ್ಲೇ ಇತ್ತು! ಈ ಹೊಲಾ ಯಾರದ್ರಿ?"

"ಹೊಳೆಪ್ಪಂದ್ರಿ!" ಇಡೀ ಊರು ಒಂದೇ ಉಸಿರಿನಲ್ಲಿ ಹೇಳಿತು.

"ಕಾಕಾ, ಇನ್ನ ಇದನ್ನ ಅಗದು ನೋಡೂತನಕಾ ಇಲ್ಲಿ ಬಿತ್ತಂಗಿಲ್ರಿ, ಹರಗಂಗಿಲ್ರಿ, ಒಂದ ಕಲ್ಲೂ ಒಯ್ಯಂಗಿಲ್ರಿ. ನಾ ಇವತ್ತs ಇಲಾಖೆಗೆ ಬರದು ಕಳಸ್ತೇನಿ."

ನಾಲ್ಕು ಎಕರೆ ಕಡಲೆ! ಹೊಳೆಪ್ಪ ಕಲ್ಲಿಗೆ ಅಡ್ಡ ಬಂದು ನಿಂತ. ಕೇಸ್ ಆದರೂ ಆಗಲಿ ಎಂದು ಹೇಳಿಯೇಬಿಟ್ಟ: "ಮೇಡಂ, ಅದು ನಮ್ಮ ಮನೀ ಬಟ್ಟಿ ಒಗಿಯೂ ಕಲ್ರಿ! ಮುಂಜಾನೆ ನಾನs ತಂದ ಇಲ್ಲಿ ಕೆಡವೇನ್ರಿ! ಉಳಿದಾವೂ ಇವ್ರ ಮನೀವ್ರಿ!"

ಅಮೃತಾ ಮರುಕದಿಂದ ನಕ್ಕರು. "ಕಾಕಾ, ಎಲ್ಲಾ ಊರಾಗೂ ಹೊಲದವ್ರು ಹಿಂಗs ಹೇಳ್ತಾರ್ರಿ. ಹೊಲಾ ಕೈಬಿಟ್ಟು ಹೋಗತೈತಿ ಅಂದ್ರ ಯಾರಿಗರೆ ಸಂಕಟ ಆಗೂದಿಲ್ಲೇನು? ಹೌದೇನವ್ವಾ, ಇವು ನಿಮ್ಮ ಮನೀವು?"

"ಏ, ಇಲ್ರವ್ವಾ! ಪಾಪ, ಅವ್ಗ ಬಿಸಲು ತಲಿಗೇರೈತಿ," ಎಂದಳು ಮೈಲಾರವ್ವ.

ಮರುದಿನ ಮುಂಜಾನೆ ಹೊಳೆಪ್ಪ ಹೊಲದ ಬದುವಿನ ಮೇಲೆ ಬಂದು ನಿಂತ. ಎಷ್ಟೋ ಕಾಲದಿಂದ ಹಾಳುಬಿದ್ದಿದ್ದ ಊರು ಗಿಜಿಗುಡುತ್ತಿತ್ತು. ಹಳ್ಳದಿಂದ ನೀರು ಹೊತ್ತು ತಂದು, ಕಡಲೆ ತುಳಿಯುತ್ತ, ತಂತಮ್ಮ ಕಲ್ಲಿನ ಮುಂದೆ ಊರ ಹೆಂಗಸರೆಲ್ಲ ಕೂತಿದ್ದರು. ಮೈಲಾರವ್ವ ಖಾರ ಅರೆಯುತ್ತಿದ್ದಳು. ಎಲ್ಲರಿಗಿಂತ ಮುಂದೆ, ವೀರನ ಮುಖಕ್ಕೆ ನೋವಾಗದಂತೆ ಕಲ್ಲನ್ನು ಮಗುಚಿ ಹಾಕಿಕೊಂಡು, ರೇವವ್ವ ಹೊಳೆಪ್ಪನದೇ ಅಂಗಿಯನ್ನು ಎತ್ತಿ ಬಡಿಯುತ್ತಿದ್ದಳು.