ಉಣಕಲ್ಲಿನಲ್ಲಿ ಹಿಮ ಬೀಳಿಸಿದ ಸ್ಕ್ಯಾನರಿಗೆ

ಅಸ್ಫಾಕ ಕಾಕಾ ಅವರ ಗ್ಯಾರೇಜಿನ ಗಾಜಿನ ಕಪಾಟಿನಲ್ಲಿ ವಿರಾಜಮಾನರಾಗಿ, ಕಾರುಗಳ ನಾಡಿ ಹಿಡಿದು ಆ ಕ್ಷಣದ ಅಂಕಿಗಳನ್ನು ತೋರಿಸುವ ಮಾನ್ಯ ಸ್ಕ್ಯಾನರ್ ಸಾಹೇಬರೇ,

ತಮ್ಮ ಪರದೆಗೆ ಧೂಳು ತಾಗದಿರಲಿ, ಬ್ಯಾಟರಿ ಸದಾ ತುಂಬಿರಲಿ ಎಂದು ಹಾರೈಸುತ್ತ, ಮೊನ್ನೆಯವರೆಗೆ ತಮ್ಮನ್ನು ದಿನಾ ಮೆತ್ತನೆಯ ಬಟ್ಟೆಯಿಂದ ಒರೆಸುತ್ತಿದ್ದ, ಒಂಬತ್ತನೆಯ ಇಯತ್ತೆಯಲ್ಲಿ ಸಾಲೆ ಬಿಟ್ಟ ಮುಷರಫನಾದ ನಾನು ಈ ದೂರನ್ನು ಊರೆಲ್ಲ ಓದಲೆಂದೇ ಬರೆಯುತ್ತಿದ್ದೇನೆ.

ತಾವು ಬಂದಾಗಿನಿಂದ ಗಿರಾಕಿಗಳು ಕಾಕಾ ಅವರ ಮುಖ ನೋಡುವುದನ್ನು ಬಿಟ್ಟು ತಮ್ಮ ಮುಖವನ್ನೇ ನೋಡುತ್ತಾರೆ. ದಸರೆಯ ಖಂಡೇ ಪೂಜೆಯಲ್ಲಿ ನಟ್ಟು ಬಿಚ್ಚುವ ಪಾನಾಗಳೆಲ್ಲ ನೆಲದ ಮೇಲಿದ್ದರೆ ತಮಗೆ ಮಣೆ ಸಿಕ್ಕಿತು. ಇದಕ್ಕೆ ನನ್ನ ತಕರಾರಿಲ್ಲ.

ಪೂಜೆಯ ಮರುದಿನ, ಸತ್ತೂರಿನಲ್ಲಿ ನರ್ಸ್ ಆಗಿರುವ ಕಾವೇರಿ ಅಕ್ಕಾ ಅವರ ಕಾರು ಕಪ್ಪು ಹೊಗೆ ಬಿಡುತ್ತ, ಕೆಮ್ಮುತ್ತ ಬಂದಿತು. ಬಾನೆಟ್ಟಿನೊಳಗೆ ಅವರೇ ಕಟ್ಟಿದ್ದ ಚೆಂಡುಹೂವಿನ ದಪ್ಪ ಮಾಲೆ. ಕೇಬಲ್ ಚುಚ್ಚಿದೊಡನೆ ತಾವು ಒಂದಿಷ್ಟೂ ನಾಚದೆ, ಇಂಜಿನ್ನಿನ ನೀರು ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿದೆ ಎಂದು ಘೋಷಿಸಿದಿರಿ. ಹೊರಗೆ ಬಿಸಿಲಿಗೆ ಅಂಗಿ ಬೆನ್ನಿಗೆ ಅಂಟುತ್ತಿತ್ತು. ಉಣಕಲ್ಲಿಗೆ ಹಿಮಾಲಯವನ್ನೇ ತಂದ ತಮಗೆ ಇನ್ನೂ ಯಾರೂ ಶಾಲು ಹೊದಿಸಿಲ್ಲವೆಂಬುದು ನೋವಿನ ಸಂಗತಿ. ಬರುವ ಬೇಸಿಗೆಯಲ್ಲಿ ನಮ್ಮ ಓಣಿಗೂ ದಯಮಾಡಿಸಿ. ಐಸ್‌ಕ್ಯಾಂಡಿ ಮಾರುವ ಅಮೀನಾಬಿಯ ಫ್ರಿಜ್ಜು ಕೆಟ್ಟಿದೆ.

"ಬಾಯಾರ, ಇಂಜಿನ್ ಒಳಗಿಂದನ ಥಂಡಿ ಹಿಡದೈತ್ರಿ. ಪೂರಾ ಬಿಚ್ಚಬೇಕಾಕ್ಕೈತಿ" ಎಂದರು ಕಾಕಾ. ತಾಯಿಯನ್ನು ಡಯಾಲಿಸಿಸ್‌ಗೆ ಕರೆದೊಯ್ಯಲು ಅಕ್ಕಾ ಅವರಿಗೆ ಇರುವುದು ಅದೊಂದೇ ಕಾರು. ಅವರ ಮುಖ ಸಣ್ಣದಾಯಿತು. ನಾನು ರೇಡಿಯೇಟರಿನ ಪೈಪು ಮುಟ್ಟಿ ಕೈ ಹಿಂದೆಳೆದುಕೊಂಡೆ.

"ಕಾಕಾ, ಕೈ ಸುಟ್ಟತಿ."

"ಮಷೀನ ಸುಳ್ಳು, ನಿನ್ನ ಕೈ ಖರೇ ಏನಲೇ? ಹಿಂಗ ವಾದಾ ಮಾಡಿನ ಸಾಲಿ ಬಿಟ್ಟಿ."

ನಮ್ಮ ಗ್ಯಾರೇಜಿನಲ್ಲಿ ಒಂದು ಪದ್ಧತಿಯಿದೆ: ಗಿರಾಕಿ ಪೂಜೆಗೆ ಕಟ್ಟಿದ ಹೂವು ತಾನಾಗಿ ಉದುರುವವರೆಗೆ ಯಾರೂ ಅದಕ್ಕೆ ಕೈ ಹಚ್ಚುವುದಿಲ್ಲ. ನಾನು ಹಚ್ಚಿದೆ. ಮಾಲೆಯ ದಾರ ಜಗ್ಗಿ, ಉಷ್ಣತೆ ಅಳೆಯುವ ಸೆನ್ಸರಿನ ವೈರು ಕೆಳಗೆ ಕಳಚಿ ನೇತಾಡುತ್ತಿತ್ತು. ಸುದ್ದಿಯೇ ಬಾರದಿದ್ದಾಗ 'ಗೊತ್ತಿಲ್ಲ' ಎನ್ನುವ ಬದಲು ತಾವು ತಮ್ಮ ಬಳಿಯಿದ್ದ ಎಲ್ಲಕ್ಕಿಂತ ಕೆಳಗಿನ ಅಂಕಿಯನ್ನು ಎತ್ತಿ ಹೇಳಿಬಿಟ್ಟಿದ್ದಿರಿ. ಇಂಜಿನ್ನು ಹೆಪ್ಪುಗಟ್ಟಿದೆಯೆಂದೇ ತಿಳಿದು ಪಾಪದ ಕಾರೂ ಮೈ ಬಿಸಿ ಮಾಡಿಕೊಳ್ಳಲು ಪೆಟ್ರೋಲು ಕುಡಿದೇ ಕುಡಿಯುತ್ತಿತ್ತು. ವೈರು ಕೂಡಿಸಿದೆ, ಕೆಮ್ಮು ನಿಂತಿತು.

"ಹಂಗಾರ ನಾ ಕಟ್ಟಿದ ಮಾಲಿದ ತಪ್ಪೇನೋ ತಮ್ಮಾ?" ಎಂದು ಅಕ್ಕಾ ಕೇಳಿದರು. ಅವರ ಬೆನ್ನ ಹಿಂದೆ ಕಾಕಾ ಬೇಡವೆಂದು ಕೈಸನ್ನೆ ಮಾಡುತ್ತಿದ್ದರು.

"ಹೌದ್ರಿ ಅಕ್ಕಾರ, ಮಾಲಿದ. ಇಂಜಿನ್ ಬಿಚ್ಚೂದು ಏನೂ ಬೇಕಾಗಿಲ್ರಿ."

ಅಕ್ಕಾ ನಗುತ್ತ ಕಾರು ತಗೊಂಡು ಹೋದರು. ಕಾಕಾ ನಗಲಿಲ್ಲ. "ನಾಳಿಂದ ಬರಬ್ಯಾಡ" ಎಂದರು.

ನಿನ್ನೆ ಅವರೇ ಹೇಳಿಕಳಿಸಿದ್ದಾರೆ: ಕೆಲಸಕ್ಕೆ ಬಾ, ಆದರೆ ಗಿರಾಕಿಯ ಮುಂದೆ ಮಷೀನಿನ ವಿರುದ್ಧ ಚಕಾರವೆತ್ತಬೇಡ. ಆಗುವುದಿಲ್ಲವೆಂದು ನಾನೂ ಹೇಳಿಕಳಿಸಿದ್ದೇನೆ. ಬೇರೆ ಗ್ಯಾರೇಜುಗಳಲ್ಲಿ ಕೇಳಿದರೆ, ಅಲ್ಲಿಯೂ ತಮ್ಮ ಬಂಧುಗಳೇ ಮಣೆಯ ಮೇಲಿದ್ದಾರೆ. ಆದ್ದರಿಂದ ತಮ್ಮಲ್ಲಿ ಒಂದೇ ವಿನಂತಿ: 'ಗೊತ್ತಿಲ್ಲ' ಎಂಬುದನ್ನು ಕಲಿಯಿರಿ. ಸಾಲೆಯಲ್ಲಿ ನಾನು ಚೆನ್ನಾಗಿ ಕಲಿತದ್ದು ಅದೊಂದೇ, ಪುಕ್ಕಟೆ ಕಲಿಸಿಕೊಡುತ್ತೇನೆ. ತಾವು ಹೇಳಿದರೆ ಕಾಕಾ ಅವರೂ ಹೇಳುತ್ತಾರೆ. ಆ ದಿನ ಕರೆಯದಿದ್ದರೂ ಕೆಲಸಕ್ಕೆ ಬರುತ್ತೇನೆ.

ಮುಟ್ಟಿ ನೋಡಿದ ಮೇಲಷ್ಟೇ ನಂಬುವ
ತಮ್ಮ ವಿಶ್ವಾಸಿ,
ಮುಷರಫ, ಉಣಕಲ್

ವಿ.ಸೂ.: ತಮ್ಮ ಕೇಬಲ್ಲಿನ ಬುಡ ಸೀಳಿ ತಾಮ್ರ ಕಾಣುತ್ತಿದೆ. ಊರ ಕಾರುಗಳ ರೋಗವನ್ನೆಲ್ಲ ತೋರಿಸುವ ತಮ್ಮ ಪರದೆಯಲ್ಲಿ ಇದು ಬಂದಂತಿಲ್ಲ. ಗಿರಾಕಿಗಳ ಮುಂದೆ ಹೇಳಬಾರದೆಂದು ಅಪ್ಪಣೆಯಾಗಿರುವುದರಿಂದ ಪೇಪರಿನಲ್ಲಿ ಹಾಕಿಸಿದ್ದೇನೆ.