ಅರ್ಧ ಗಡ್ಡದ ಮೇಷ್ಟ್ರು

ಆವತ್ತಿನ ರಾದ್ಧಾಂತಕ್ಕೆಲ್ಲ ಕಾರಣ ಒಂದು ತೊಟ್ಟು ಸೋಪಿನ ನೊರೆ. ಕೆನ್ನೆ ಮೇಲಿರಬೇಕಾದದ್ದು ಪುಸ್ತಕದ ಮೇಲೆ ಬಿತ್ತು.

ಬೀದಿಯ ತಿರುವಿನಲ್ಲಿ ಕ್ಷೌರದ ಅಂಗಡಿ ಇಟ್ಟವನಿಗೆ ಗಿರಾಕಿಗಳು ಮೆದುಗೈ ಎಂದು ಹೆಸರಿಟ್ಟಿದ್ದರು. ಅವನ ಕತ್ತಿ ಮುಖದ ಮೇಲೆ ಓಡಾಡಿದ್ದೇ ಗೊತ್ತಾಗುತ್ತಿರಲಿಲ್ಲ, ಎಷ್ಟೋ ಜನ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದರು. ಅಂಗಡಿಯ ಮೇಲಿನ ಕೋಣೆಯಲ್ಲಿ ಅವನ ತಮ್ಮನೂ, ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ತಮ್ಮನ ಗೆಳೆಯನೂ ಇದ್ದರು. ಇಬ್ಬರದೂ ಒಂದೇ ಸಂಸಾರವೆಂದು ತಿಳಿದಾಗ ಮೆದುಗೈಗೂ ಅದು ನುಂಗಲಾರದ ತುತ್ತೇ ಆಗಿತ್ತು, ಸುಳ್ಳೇಕೆ ಹೇಳಬೇಕು. ಆದರೆ ತಾಯಿ ತೀರಿಕೊಂಡ ಮೇಲೆ ತಾನೇ ಸಾಕಿದ ತಮ್ಮ. ಅವನ ಮೊದಲ ಮೀಸೆಗೆ ಕತ್ತರಿ ತಾಗಿಸಿದ್ದೂ ಇದೇ ಕೈ. ಬಿಟ್ಟುಬಿಡು ಎಂದರೆ ಕರುಳು ಕೇಳುತ್ತದೆಯೇ?

ವಾರಕ್ಕೊಮ್ಮೆ ಗಡ್ಡ ತೆಗೆಸುವ ನಿವೃತ್ತ ಮೇಷ್ಟ್ರು ಆ ದಿನ ಬೆಳಿಗ್ಗೆ ದಪ್ಪನೆಯ ಹಳೇ ಗ್ರಂಥವನ್ನು ತೊಡೆಯ ಮೇಲಿಟ್ಟುಕೊಂಡೇ ಕುರ್ಚಿಯಲ್ಲಿ ಕೂತರು. ಬೆಂಚಿನ ಮೇಲೆ ಟೈಲರ್ ಮತ್ತು ಔಷಧಿ ಅಂಗಡಿಯವನು ಕಾಯುತ್ತಿದ್ದರು.

ಬಲಗೆನ್ನೆ ಮುಗಿಯುವ ತನಕ ಸುಮ್ಮನಿದ್ದ ಮೇಷ್ಟ್ರು ಪುಟ ಬಿಡಿಸಿದರು. "ನೋಡಪ್ಪಾ, ಇದು ನನ್ನ ಮಾತಲ್ಲ. ಗಂಡಸು ಗಂಡಸಿನ ಜೊತೆ ಬಾಳುವೆ ಮಾಡೋದು ಪಾಪ ಅಂತ ಹಿರಿಯರು ಬರೆದಿಟ್ಟಿದ್ದಾರೆ. ಸಂಜೆಯೊಳಗೆ ಮೇಲಿನ ರೂಮು ಖಾಲಿ ಮಾಡಿಸು. ಇಲ್ಲಾಂದ್ರೆ ಈ ಬೀದಿಯವರು ಯಾರೂ ನಿನ್ನ ಅಂಗಡಿ ಮೆಟ್ಟಿಲು ತುಳಿಯಲ್ಲ."

"ಹೌದಪ್ಪಾ, ನಮಗೂ ಮನೇಲಿ ಮಕ್ಕಳಿದ್ದಾರೆ," ಎಂದ ಔಷಧಿ ಅಂಗಡಿಯವನು.

ಎಡಗೆನ್ನೆಗೆ ನೊರೆ ಹಚ್ಚುತ್ತಿದ್ದ ಮೆದುಗೈ ಬೆಚ್ಚಿಬಿದ್ದ. ಬ್ರಷ್ಷು ಅಲುಗಿ ನೊರೆ ಟಪಕ್ಕನೆ ಗ್ರಂಥದ ಮೇಲೆ ಬಿತ್ತು. ಗಾಬರಿಯಿಂದ ಟವೆಲ್ ತೆಗೆದು ಒರೆಸಿದ. ಒರೆಸಿದ ಜಾಗದಲ್ಲಿ, ಮೇಷ್ಟ್ರು ಓದಿದ ಸಾಲಿನ ಕೆಳಗೇ, ಇನ್ನೊಂದು ಸಾಲು ಇತ್ತು. ಅದನ್ನು ಓದಿದವನಿಗೆ ಹೋದ ಜೀವ ಬಂದಂತಾಯಿತು.

"ಮೇಷ್ಟ್ರೇ, ಇದನ್ನೂ ಸ್ವಲ್ಪ ಓದಿ. ಗಡ್ಡಕ್ಕೆ ಕತ್ತಿ ಸೋಕಿಸುವವನೂ ಸೋಕಿಸಿಕೊಳ್ಳುವವನೂ ಅಷ್ಟೇ ಪಾಪಿಗಳು ಅಂತಿದೆ."

ಟೈಲರ್ ತನ್ನ ಗಲ್ಲ ಸವರಿಕೊಂಡ.

"ಹಿಡಿದ್ರೆ ಎರಡು ಸಾಲನ್ನೂ ಹಿಡೀರಿ, ಬಿಟ್ರೆ ಎರಡನ್ನೂ ಬಿಡಿ. ನಾನೇನು ತಪ್ಪು ಹೇಳಿದ್ನಾ?" ಎಂದ ಮೆದುಗೈ. ಜೀವಮಾನದಲ್ಲೇ ಮೊದಲ ಸಲ ಅವನು ವಾದದಲ್ಲಿ ಗೆದ್ದಿದ್ದ. ಅಲ್ಲಿಗೇ ಬಾಯಿ ಮುಚ್ಚಿಕೊಂಡು ಎಡಗೆನ್ನೆ ಮುಗಿಸಿದ್ದರೆ ಚೆನ್ನಾಗಿತ್ತು. ಗೆದ್ದ ಖುಷಿಯಲ್ಲಿ, "ಹೇಳಿ ಮೇಷ್ಟ್ರೇ, ಹಿಡೀತೀರೋ ಬಿಡ್ತೀರೋ?" ಎಂದು ಎಲ್ಲರೆದುರು ಕೇಳಿಯೇಬಿಟ್ಟ.

ಮೂವತ್ತು ವರ್ಷ ಬೆತ್ತ ಹಿಡಿದ ಮನುಷ್ಯ ಎಲ್ಲರೆದುರು ಬಿಡುತ್ತೇನೆ ಎನ್ನುತ್ತಾರೆಯೇ? ಮೇಷ್ಟ್ರು ಕತ್ತಿನ ಬಟ್ಟೆ ಕಿತ್ತೆಸೆದು ಎದ್ದರು. "ಸರಿಯಾಗೇ ಹೇಳಿದೆ. ಎರಡನ್ನೂ ಹಿಡೀತೀವಿ." ಒಂದು ಕೆನ್ನೆ ನುಣ್ಣಗೆ, ಇನ್ನೊಂದರಲ್ಲಿ ವಾರದ ಬಿಳಿ ಗಡ್ಡ, ಅದರ ಮೇಲೆ ನೊರೆ. ಹಾಗೇ ಬೀದಿಗಿಳಿದರು. ಹಿಂದೆಯೇ ಬೆಂಚೂ ಖಾಲಿಯಾಯಿತು.

ಮಧ್ಯಾಹ್ನದ ಹೊತ್ತಿಗೆ ಬೀದಿಗೆ ಬೀದಿಯೇ ಗಡ್ಡ ಬಿಡುವ ಶಪಥ ಮಾಡಿತ್ತು. ಮೆದುಗೈ ಖಾಲಿ ಕುರ್ಚಿ ಒರೆಸಿದ. ಕನ್ನಡಿ ಒರೆಸಿದ. ಮತ್ತೆ ಕುರ್ಚಿ ಒರೆಸಿದ. ತಮ್ಮನನ್ನು ಉಳಿಸಲು ಹೋಗಿ ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಂಡಿದ್ದ.

ಮೂರು ಗಂಟೆಗೆ ತಮ್ಮ ಕೆಳಗಿಳಿದು ಬಂದ. ಹಿಂದೆ ಗೆಳೆಯ, ಇಬ್ಬರ ಕೈಯಲ್ಲೂ ಚೀಲ.

"ಎಲ್ಲಿಗೋ?"

"ಬೇರೆ ಊರಲ್ಲಿ ಇವನ ಸ್ನೇಹಿತರೊಬ್ಬರ ಮನೆ ಇದೆ, ಅಣ್ಣ. ಬೆಳಗಿನ ಮಾತೆಲ್ಲ ಮೇಲೆ ಕೇಳಿಸ್ತು. ನಾವು ಹೋದ್ರೆ ಗ್ರಂಥದ ಒಂದು ಸಾಲು ನಡೀತು ಅಂತ ಬೀದಿಯವರಿಗೆ ಸಮಾಧಾನ ಆಗುತ್ತೆ. ನಿನ್ನ ಅಂಗಡಿ ಬಾಗಿಲು ತೆಗೆದಿರುತ್ತೆ."

"ಅಂಗಡಿ ಹಾಳಾಗಿ ಹೋಗಲಿ. ಚೀಲ ಕೆಳಗಿಡು."

"ಇದನ್ನ ಬಿಟ್ರೆ ನಿನಗೆ ಬೇರೆ ಕೆಲಸ ಬರಲ್ಲ, ಅಣ್ಣ," ಎಂದ ತಮ್ಮ. ಕಾಲು ಮುಟ್ಟಲು ಬಗ್ಗಿದವನನ್ನು ಮೆದುಗೈ ತಬ್ಬಿಕೊಂಡ. ಅಳು ತಡೆಯಲಾಗಲಿಲ್ಲ. ಗೆಳೆಯ ಮುಖ ತಿರುಗಿಸಿ ನಿಂತ. ಸ್ವಲ್ಪ ಹೊತ್ತಿಗೆ ಇಬ್ಬರೂ ಬಸ್ಸು ಹತ್ತಿದರು.

ಕತ್ತಲಾಗುತ್ತಲೇ ಮೆದುಗೈ ಅಂಗಡಿ ಮುಚ್ಚಿದ. ಮುಚ್ಚಿದ್ದೇ ತಡ, ಹಿಂಬಾಗಿಲು ಮೆಲ್ಲಗೆ ಬಡಿದ ಸದ್ದಾಯಿತು. ತೆರೆದರೆ ಮುಖಕ್ಕೆ ಮಫ್ಲರ್ ಸುತ್ತಿಕೊಂಡ ಮೇಷ್ಟ್ರು. ಅವರ ಬೆನ್ನಿಗೆ ಟೈಲರ್, ಅವನ ಬೆನ್ನಿಗೆ ಔಷಧಿ ಅಂಗಡಿಯವನು, ಒಬ್ಬರನ್ನೊಬ್ಬರು ನೋಡೇ ಇಲ್ಲ ಎಂಬಂತೆ ನಿಂತಿದ್ದರು.

"ಮನೇಲಿ ಮೊಮ್ಮಗಳು ನನ್ನ ನೋಡಿ ಕಿರುಚಿಕೊಂಡ್ಳು," ಎಂದರು ಮೇಷ್ಟ್ರು, ಕುರ್ಚಿಯಲ್ಲಿ ಕೂರುತ್ತಾ. "ಮಧ್ಯಾಹ್ನ ಕೂತು ಮತ್ತೆ ಓದಿದೆ. ಗಡ್ಡದ ಮಾತು ಆ ಕಾಲಕ್ಕೆ ಹೇಳಿದ್ದಪ್ಪಾ. ಆಗ ಕತ್ತಿ ಮೊಂಡು, ಗಾಯ ಆಗ್ತಿತ್ತು. ನಾವು ಅರ್ಥ ತಿಳ್ಕೊಂಡು ನಡೀಬೇಕು."

ಮೆದುಗೈ ಎಡಗೆನ್ನೆ ಮುಗಿಸಿ, ಕತ್ತಿಯನ್ನು ಗಂಟಲ ಬಳಿ ತಂದ. "ಹಂಗಾದ್ರೆ ಅದರ ಮೇಲಿನ ಸಾಲು, ಮೇಷ್ಟ್ರೇ? ಅದೂ ಆ ಕಾಲಕ್ಕೇ ಹೇಳಿದ್ದಲ್ವಾ?"

ಮೇಷ್ಟ್ರು ಉಸಿರು ಬಿಗಿಹಿಡಿದು, ಮಾತಾಡಿಸಬೇಡ ಎಂದು ಬೆರಳು ಆಡಿಸಿದರು. ಮೆದುಗೈ ಕಾದ. ಒಂದು ಗೀರೂ ಬೀಳದಂತೆ ಕೆಲಸ ಮುಗಿಸಿ, ಮುಖ ಒರೆಸಿ, ಮತ್ತೆ ಕೇಳಿದ. "ನನ್ನ ತಮ್ಮ ವಾಪಸ್ ಬರಬಹುದಾ?"

ಮೇಷ್ಟ್ರು ಕನ್ನಡಿಯಲ್ಲಿ ಎರಡೂ ಕೆನ್ನೆ ನೋಡಿಕೊಂಡು ತೃಪ್ತಿಯಿಂದ ತಲೆಯಾಡಿಸಿದರು.

"ಅದ್ಹೇಗಪ್ಪಾ ಆಗುತ್ತೆ? ಎಲ್ಲಾ ಬಿಟ್ಟುಬಿಟ್ರೆ ಹೇಗೆ? ಗ್ರಂಥದ್ದು ಒಂದು ಸಾಲಾದ್ರೂ ಪಾಲಿಸಬೇಕಲ್ಲ," ಎಂದು ಮಫ್ಲರ್ ಸುತ್ತಿಕೊಂಡು ಹಿಂಬಾಗಿಲಿನಿಂದ ಹೋದರು.

ಟೈಲರ್ ಬಂದು ಕುರ್ಚಿಯಲ್ಲಿ ಕೂತು, ಗಲ್ಲ ಮೇಲೆತ್ತಿ, ಕಣ್ಣು ಮುಚ್ಚಿದ.