ಜೀಪಿನಡಿಯ ಒಪ್ಪಂದ

ದಿನಚರಿ ಬರೆಯುವವರನ್ನು ಜನ ಸುಮ್ಮಸುಮ್ಮನೆ ನಂಬುತ್ತಾರೆ. ಗ್ಯಾಸ್ ಸಿಲಿಂಡರ್ ಹಚ್ಚಿದ್ದು ಯಾವತ್ತು, ಪಕ್ಕದ ಮನೆಯ ಎಮ್ಮೆ ಕರು ಹಾಕಿದ್ದು ಯಾವತ್ತು, ಹೋದ ವರ್ಷ ಮೊದಲ ಮಳೆ ಬಿದ್ದದ್ದು ಬುಧವಾರವೋ ಗುರುವಾರವೋ, ಎಲ್ಲದಕ್ಕೂ ನಮ್ಮ ಬೀದಿಯವರು ನನ್ನನ್ನೇ ಕೇಳುತ್ತಾರೆ. ತಾರೀಖು ಹಾಕಿ ಬರೆಯುವವನು ಸುಳ್ಳು ಹೇಳಲಾರ ಎಂಬುದು ಅವರ ನಂಬಿಕೆ. ಸುಳ್ಳಿಗೂ ತಾರೀಖು ಹಾಕಬಹುದು ಎಂದು ನಾನಾಗಿ ಯಾರಿಗೂ ತಿಳಿಸಲು ಹೋಗಿಲ್ಲ.

ನನ್ನ ಉದ್ಯೋಗವೂ ಇಂಥದ್ದೇ. ಶಿಕಾರಿಪುರದಲ್ಲಿ ನಾನು ಪರವಾನಗಿ ಪಡೆದ ಸರ್ವೇಯರ್. ಅಣ್ಣತಮ್ಮಂದಿರ ಜಮೀನು ಅಳೆದು, ಬಾಂದು ಕಲ್ಲು ಹುಗಿಸಿ, ಇಬ್ಬರಿಗೂ ಒಂದಿಷ್ಟು ಬುದ್ಧಿ ಹೇಳಿ ಬರುವ ಕೆಲಸ. ಬುದ್ಧಿ ಹೇಳುವುದಕ್ಕೆ ಶುಲ್ಕವಿಲ್ಲದಿದ್ದರೂ ಅದನ್ನೇ ಹೆಚ್ಚು ಶ್ರದ್ಧೆಯಿಂದ ಮಾಡುತ್ತೇನೆ. "ಜಂಟಿ ಆಸ್ತಿ ಅಂದ ಮೇಲೆ ಒಬ್ಬರಿಗೊಬ್ಬರು ಮುಚ್ಚಿಡಬಾರದು ನೋಡಿ" ಎಂಬುದು ನನ್ನ ಮೆಚ್ಚಿನ ಮಾತು. ಅಂಬ್ಲಿಗೊಳದ ಹಿನ್ನೀರಿನ ಕಡೆ, ಉಡುತಡಿಯ ಆಚೆ, ರಸ್ತೆ ಮುಗಿದ ಮೇಲೂ ಇರುವ ಹೊಲಗಳಿಗೆ ಹೋಗಬೇಕಾದಾಗ ಯಂತ್ರ, ಅದರ ಮೂರು ಕಾಲಿನ ಸ್ಟ್ಯಾಂಡು, ಕಲ್ಲು ಎಲ್ಲವನ್ನೂ ಬೈಕಿನ ಮೇಲೆ ಹೇರಲಾಗುವುದಿಲ್ಲ. ಅದಕ್ಕೆ ಜೀಪು ಬೇಕು. ಜೀಪೇನೋ ಇತ್ತು. ಅರ್ಧ ಇತ್ತು.

ಉಳಿದರ್ಧ ಸೊರಬದ ಕಡೆ ಕುಪ್ಪಗಡ್ಡೆಯಲ್ಲಿರುವ ನನ್ನ ಹೆಂಡತಿಯ ಅಣ್ಣ ಗಂಗಾಧರನದು. ನನಗೆ ಅವನು ಭಾವ, ಅವನಿಗೆ ನಾನೂ ಭಾವ. ಮಾವನವರು ಮಂಡಿ ನೋವಿನಿಂದ ಜೀಪು ಓಡಿಸುವುದನ್ನು ಬಿಟ್ಟಾಗ ಅದನ್ನು ನಮ್ಮಿಬ್ಬರಿಗೂ ಸೇರಿಸಿ ಕೊಟ್ಟರು. ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಯವರೆಗೆ ಒಬ್ಬನ ಸರದಿ. ಹೇಗಿದ್ದರೂ ಅಮಾವಾಸ್ಯೆಗೆ ಗಾಡಿಗೆ ಪೂಜೆ ಮಾಡಿ, ಗಾಲಿಯಡಿ ನಿಂಬೆಹಣ್ಣು ಇಡುವುದಿದ್ದೇ ಇದೆ. ಹಸ್ತಾಂತರವೂ ಅದರ ಜೊತೆಯಲ್ಲೇ ಮುಗಿಯಲಿ ಎಂಬುದು ಅವರ ಲೆಕ್ಕ. ಜೊತೆಗೊಂದು ಷರತ್ತು: "ಯಾರ ಕೈಯಲ್ಲಿ ಕೆಡ್ತದೋ ಅವ್ರ ಸರದಿ ಅಲ್ಲಿಗೆ ಮುಗೀತು. ಪೂರಾ ಜೀಪು ಇನ್ನೊಬ್ಬಂದು." ಜೀಪನ್ನು ಚೆನ್ನಾಗಿ ನೋಡಿಕೊಳ್ಳಲಿ ಎಂದು ಹಾಕಿದ ಷರತ್ತು ಅದು. ಅದರಿಂದ ಜೀಪನ್ನು ಯಾರೂ ನೋಡಿಕೊಳ್ಳಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದೆವು.

ನನ್ನ ಸರದಿ ಮುಗಿಯಲು ಇನ್ನು ಕೆಲವೇ ದಿನ ಇದ್ದಾಗ ಮುಂದಿನ ಬಲಗಾಲಿಯ ಕಡೆಯಿಂದ ಕಟಕಟ ಎಂಬ ಸದ್ದು ಶುರುವಾಯಿತು. ಮೊದಲು ಗುಂಡಿ ಬಂದಾಗ, ಆಮೇಲೆ ಗುಂಡಿ ಬರುವ ಮೊದಲೇ. ಮೊಬೈಲಿನಲ್ಲಿ ನಾಲ್ಕಾರು ವಿಡಿಯೋ ನೋಡಿ ರೋಗ ಪತ್ತೆ ಮಾಡಿದೆ. ಜೀಪಿನ ಹೊಟ್ಟೆಯಡಿ ಎಡದಿಂದ ಬಲಕ್ಕೆ ಒಂದು ಬಾಗಿದ ಕಬ್ಬಿಣದ ಸರಳು ಮಲಗಿರುತ್ತದೆ. ತಿರುವಿನಲ್ಲಿ ಗಾಡಿ ಒಂದೇ ಕಡೆ ವಾಲದಂತೆ ತಡೆಯುವುದು ಅದೇ. ಅದರ ಎರಡು ತುದಿಯನ್ನೂ ಗಾಲಿಯ ಕಡೆಗೆ ಕಟ್ಟಿಹಾಕುವ ಗೇಣುದ್ದದ ತುಂಡುಗಳಿಗೆ ಲಿಂಕ್ ರಾಡ್ ಎನ್ನುತ್ತಾರೆ. ಅದರೊಳಗಿನ ಬುಷ್ ಎಂಬ ರಬ್ಬರ್ ಬಳೆ ಸವೆದರೆ ಕಬ್ಬಿಣಕ್ಕೆ ಕಬ್ಬಿಣ ಬಡಿದು ಈ ಸದ್ದು. ಹೊಸ ಬುಷ್ ಶಿವಮೊಗ್ಗದಿಂದ ಬರಬೇಕು. ಅಂಗಡಿಯವನು ಹೇಳಿದ ದಿನ ಅಮಾವಾಸ್ಯೆಯ ಆಚೆ ಬೀಳುತ್ತಿತ್ತು. ಸದ್ದಿನ ಸಮೇತ ಕೊಟ್ಟರೆ ನನ್ನ ಅರ್ಧ ಜೀಪು ಹೋಯಿತು. ಆಗ ಹೊಳೆಯಿತು: ಲಿಂಕನ್ನೇ ಬಿಚ್ಚಿಟ್ಟರೆ ಬಡಿಯಲು ಏನು ಉಳಿಯುತ್ತದೆ? ಸ್ವಲ್ಪ ವಾಲಬಹುದು. ಈ ಸರದಿಯುದ್ದಕ್ಕೂ ತಿರುವಿನಲ್ಲಿ ಅದು ಹೇಗೂ ಸ್ವಲ್ಪ ವಾಲುತ್ತಲೇ ಇತ್ತು. ಹಿಂದೆ ಹೇರಿದ ಕಲ್ಲಿನ ಭಾರಕ್ಕೆ ಇರಬೇಕು ಎಂದುಕೊಂಡಿದ್ದೆ.

ಬಿಚ್ಚುವುದು ಅಂದುಕೊಂಡಷ್ಟು ಸುಲಭವಿರಲಿಲ್ಲ. ತುಕ್ಕಿಗೆ ಸೀಮೆಎಣ್ಣೆ ಕುಡಿಸಿ, ಜಾಕ್ ಕೊಟ್ಟು ಗಾಲಿ ಕಳಚಿ, ನಟ್ಟಿಗೆ ಸ್ಪ್ಯಾನರ್ ಹಾಕಿದರೆ ನಟ್ಟಿನ ಜೊತೆ ಬೋಲ್ಟೂ ತಿರುಗತೊಡಗಿತು. ಅರ್ಧ ಗಂಟೆ ತಿರುಗಿಸಿದೆ. ಎರಡೂ ಜೊತೆಯಾಗಿ, ಅನ್ಯೋನ್ಯವಾಗಿ ತಿರುಗಿದವು. ಬೋಲ್ಟಿನ ತುದಿಯ ತೂತಿಗೆ ಅಲೆನ್ ಕೀ ಎಂಬ ಬಾಗಿದ ಕಡ್ಡಿ ಸಿಕ್ಕಿಸಿ ಒಬ್ಬರು ಅದನ್ನು ಅಲ್ಲಾಡದಂತೆ ಹಿಡಿದರೆ ಮಾತ್ರ ಇನ್ನೊಬ್ಬರು ನಟ್ಟು ಬಿಚ್ಚಬಹುದು. ಅನಿವಾರ್ಯವಾಗಿ ಹೆಂಡತಿ ಕಾವ್ಯಳನ್ನು ಕರೆದೆ. ಅವಳು ಬಂದು, ಸೆರಗು ಸಿಕ್ಕಿಸಿ, ನಾನು ವಿವರಿಸುವ ಮೊದಲೇ ಅಲೆನ್ ಕೀ ತೆಗೆದುಕೊಂಡು ಸರಿಯಾದ ತೂತಿಗೆ ಸಿಕ್ಕಿಸಿ ಹಿಡಿದಳು.

"ನಿಂಗೆ ಹೆಂಗೆ ಗೊತ್ತು ಇದೆಲ್ಲ?" ಎಂದೆ.

"ಇದೆಂತ ದೊಡ್ಡ ವಿದ್ಯೆನಾ? ತಿರುಗ್ಸಿ ಬೇಗ, ಒಲೆ ಮೇಲೆ ಹಾಲಿಟ್ಟೀನಿ."

ಲಿಂಕ್ ಕೈಗೆ ಬಂತು. ಅದನ್ನು ಸರ್ವೆ ಚೀಲದ ತಳಕ್ಕೆ ಸೇರಿಸಿ, ಕಾವ್ಯಳ ಕೈಯನ್ನು ನನ್ನ ತಲೆಯ ಮೇಲಿಟ್ಟುಕೊಂಡು, ಅಣ್ಣನಿಗಾಗಲಿ ಅಪ್ಪನಿಗಾಗಲಿ ಹೇಳುವುದಿಲ್ಲವೆಂದು ಆಣೆ ಹಾಕಿಸಿದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿ, "ನೀವೂನಾ?" ಎಂದಳು. ಆ 'ಊ' ಎಲ್ಲಿಂದ ಬಂತು ಎಂದು ನಾನು ವಿಚಾರಿಸಬೇಕಿತ್ತು. ವಿಚಾರಿಸಲಿಲ್ಲ. ಆ ದಿನದ ದಿನಚರಿಯಲ್ಲಿ "ಜೀಪಿನ ಸದ್ದು ನಿಂತಿತು" ಎಂದು ಬರೆದೆ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ಅಮಾವಾಸ್ಯೆಗೆ ಮೊದಲು ಕಣ್ಣಿನ ಪರೀಕ್ಷೆಗೆಂದು ಶಿಕಾರಿಪುರಕ್ಕೆ ಬಂದಿದ್ದ ಮಾವನವರು ಅಮಾವಾಸ್ಯೆಯ ದಿನ ಕುಪ್ಪಗಡ್ಡೆಗೆ ವಾಪಸ್ಸು ನಮ್ಮ ಜೊತೆ ಜೀಪಿನಲ್ಲೇ ಬರುತ್ತೇನೆಂದು ಕೂತರು. ಅವರು ಮುಂದಿನ ಸೀಟಿನಲ್ಲಿ, ಕಾವ್ಯ ಹಿಂದೆ. ಶಿರಾಳಕೊಪ್ಪದವರೆಗೆ ನಾನು ಎತ್ತಿನ ಗಾಡಿಯ ಗಾಂಭೀರ್ಯದಲ್ಲಿ ಓಡಿಸಿದೆ. ಅದಾದ ಮೇಲೊಂದು ತಿರುವಿನಲ್ಲಿ ಮಾವನವರು ಮೆಲ್ಲಗೆ ಜಾರಿ ಬಾಗಿಲಿಗೆ ಒರಗಿದರು. ಮುಂದಿನ ತಿರುವಿನಲ್ಲಿ ಮೆಲ್ಲಗೆ ಜಾರಿ ನನಗೆ ಒರಗಿದರು.

"ಅಳಿಯಂದ್ರೇ, ಯಾಕೋ ತೊಟ್ಲು ತೂಗ್ದಂಗೆ ತೂಗ್ತದಲ್ರೀ ಇದು?"

"ರಸ್ತೆ ಸರಿ ಇಲ್ಲ ಮಾವ."

"ಮೊನ್ನೆ ಮೊನ್ನೆ ಡಾಂಬರು ಹಾಕ್ಯಾರಲ್ರೀ?"

"ಅದಕ್ಕೇ ಮಾವ. ಹೊಸ ಡಾಂಬರು ಸ್ವಲ್ಪ ಜಾರ್ತದೆ."

ಹಿಂದಿನ ಸೀಟಿನಲ್ಲಿ ಕಾವ್ಯಳಿಗೆ ಕೆಮ್ಮು ಬಂತು. ಅದು ಕುಪ್ಪಗಡ್ಡೆ ಬರುವವರೆಗೂ ಬಿಡಲಿಲ್ಲ.

ಅಂಗಳದಲ್ಲಿ ಗಂಗಾಧರ ತೆಂಗಿನಕಾಯಿ ಹಿಡಿದು ಕಾಯುತ್ತಿದ್ದ. ಪೂಜೆಯಾಯಿತು, ನಿಂಬೆಹಣ್ಣುಗಳು ಪಚ್ಚೆಂದವು. ಅವನು ರೂಢಿಯಂತೆ ಪರೀಕ್ಷೆಗೆಂದು ಒಂದು ಸುತ್ತು ಹೋಗಿ ಬಂದ. ನಮ್ಮ ಹಸ್ತಾಂತರಗಳಲ್ಲಿ ಕನ್ನಡಿಯ ಮೇಲಿನ ಗೀರಿಗೂ ಪಂಚಾಯಿತಿ ನಡೆದದ್ದುಂಟು. ಆದರೆ ಅವನು ಇಳಿದವನೇ, "ಭಾರಿ ಚಲೋ ಇಟ್ಕೊಂಡೀರಿ ಭಾವ, ಏನೂ ತೊಂದ್ರೆ ಇಲ್ಲ" ಎಂದ. ನಾನು ತಕ್ಷಣ, "ನೀವು ಕೊಟ್ಟಾಗ್ಲೇ ಹಂಗಿತ್ತಲ್ಲ ಭಾವ" ಎಂದೆ. ಅವನು ನನ್ನನ್ನು ಹೊಗಳಿದ. ನಾನು ಅವನನ್ನು ಹೊಗಳಿದೆ.

ಜಗುಲಿಯ ಮೇಲೆ ಕೂತಿದ್ದ ಮಾವನವರಿಗೆ ಈ ಪ್ರೀತಿಯೇ ಅನುಮಾನ ಹುಟ್ಟಿಸಿತು. "ತಡೀರಿ. ನನ್ನ ಮಂಡಿ ಬಗ್ಗಲ್ಲ. ನೀವಿಬ್ರೂ ಕೆಳಗೆ ತೂರಿ ಒಂದ್ಸಲ ನೋಡಿ ಹೇಳಿ" ಎಂದರು.

ಬಲಗಡೆ ನನ್ನ ಕೆಲಸ ಇತ್ತಲ್ಲ, ನಾನು ಎಡಗಡೆ ಹೋದರೆ ಅವನೂ ನನ್ನ ಹಿಂದೆಯೇ ಬಂದಾನು ಎಂದು ಧಾವಿಸಿ ಅಲ್ಲಿಂದ ತೂರಿದೆ. ಗಂಗಾಧರ ಅಷ್ಟೇ ಧಾವಂತದಿಂದ ಬಲಗಡೆಗೆ ಓಡಿದ. ಅವನು ಯಾಕೆ ಓಡಿದ ಎಂದು ಯೋಚಿಸುವಷ್ಟರಲ್ಲಿ ನನ್ನ ಮೂಗಿನ ಮುಂದೆ ಖಾಲಿ ತೂತು ಕಾಣಿಸಿತು. ಲಿಂಕ್ ಇರಬೇಕಾದ ಜಾಗದಲ್ಲಿ ಸರಳಿನ ತುದಿಯನ್ನು ಟ್ಯೂಬಿನ ಪಟ್ಟಿಯಿಂದ ಅಚ್ಚುಕಟ್ಟಾಗಿ ಕಟ್ಟಲಾಗಿತ್ತು.

"ಭಾವ" ಎಂದು ಪಿಸುಗುಟ್ಟಿದೆ, "ಈ ಕಡೆ ಲಿಂಕೇ ಇಲ್ವಲ್ರೀ."

ಆ ಕಡೆ ಗಂಗಾಧರನ ಕೈ ಸರಳಿನ ತುದಿಯನ್ನು ತಡವಿತು. ಆಮೇಲೆ ಪಿಸುದನಿ ಬಂತು: "ಈ ಕಡೆದೂ ಇಲ್ಲ ಮಾರಾಯ್ರೆ."

ಗ್ರೀಸಿನ ವಾಸನೆಯಲ್ಲಿ ಇಬ್ಬರೂ ಮುಖಾಮುಖಿ ಮಲಗಿದ್ದೆವು. ಹೋದ ಸರದಿಯ ಕೊನೆಯಲ್ಲಿ ಎಡಗಡೆ ಸದ್ದು ಬಂದಿತ್ತಂತೆ. ಅವನಿಗೂ ಹೊಳೆದದ್ದು ಅದೇ ಉಪಾಯ. ಈಗ ಒಬ್ಬನ ಮೇಲೆ ಒಬ್ಬ ದೂರು ಹೇಳಿದರೆ ಇಬ್ಬರ ಅರ್ಧವೂ ಹೋಗುತ್ತದೆ. ನಾನು ಅಳೆದುಕೊಟ್ಟ ಯಾವ ಜಂಟಿ ಜಮೀನಿನಲ್ಲೂ ಇಷ್ಟು ಬೇಗ ರಾಜಿ ಆದದ್ದನ್ನು ಕಂಡಿಲ್ಲ. ಹೊರಗೆ ಬಂದು ಬೆನ್ನಿನ ಮಣ್ಣು ಕೊಡವಿಕೊಂಡು, "ಎಲ್ಲ ಸರಿಯಾಗಿದೆ" ಎಂದು ಒಂದೇ ಬಾಯಲ್ಲಿ ಹೇಳಿದೆವು.

ಮಾವನವರು ನಮ್ಮನ್ನು ಬಿಟ್ಟು ಮಗಳ ಕಡೆ ತಿರುಗಿದರು. "ನೀನು ಹೇಳೇ ಕಾವ್ಯ. ಎಂತ ಆಗ್ಯದೆ ಇದಕ್ಕೆ?"

"ನನ್ನ ಕೇಳ್ಬೇಡ ಅಪ್ಪ" ಎಂದಳು ಅವಳು, ಬಹಳ ಸಂಕಟದ ಮುಖ ಮಾಡಿ. "ಅಣ್ಣನೂ ತಲೆ ಮೇಲೆ ಕೈ ಇಡಿಸ್ಕೊಂಡಾನೆ. ಇವ್ರೂ ಇಡಿಸ್ಕೊಂಡಾರೆ. ಆಣೆ ಮುರಿಯೋಕಾಗಲ್ಲ."

ಹೋದ ತಿಂಗಳು ತವರಿಗೆ ಬಂದಿದ್ದಾಗ ಅವಳು ಅಣ್ಣನಿಗೂ ಅಲೆನ್ ಕೀ ಹಿಡಿದುಕೊಟ್ಟಿದ್ದಳು. ನಾವಿಬ್ಬರೂ ಆಣೆ ಹಾಕಿಸಿದ್ದು ಲಿಂಕಿನ ವಿಷಯಕ್ಕೆ. ಆಣೆಯ ವಿಷಯ ಹೇಳಬಾರದೆಂದು ಯಾರಿಗೂ ಹೊಳೆದಿರಲಿಲ್ಲ.

ಮಾವನವರು ಬೈಯಲಿಲ್ಲ. ಗಂಗಾಧರನ ಕೈಯಿಂದ ಕೀಲಿ ಇಸಿದುಕೊಂಡು, "ಇಬ್ರ ಕೈಯಲ್ಲೂ ಕೆಟ್ಟದೆ. ಷರತ್ತಿನ ಪ್ರಕಾರ ಇಬ್ರದ್ದೂ ಮುಗೀತು" ಎಂದು ಅದನ್ನು ಕಾವ್ಯಳ ಕೈಗಿಟ್ಟರು. ಬುಷ್ ಬಂದ ಮೇಲೆ ನಾವಿಬ್ಬರೂ ಸೋಪಿನ ನೀರು ಹಚ್ಚಿ, ವೈಸ್ ಎಂಬ ಇಕ್ಕಳದಲ್ಲಿ ಒತ್ತಿ ಕೂರಿಸಿ, ಅವನು ಎಡಗಡೆ, ನಾನು ಬಲಗಡೆ ಲಿಂಕ್ ತೊಡಿಸಿದೆವು. ಕಾವ್ಯ ಎರಡೂ ಕಡೆ ಅಲೆನ್ ಕೀ ಹಿಡಿದಳು. "ಗಾಲಿ ನೆಲಕ್ಕಿಳಿಸಿ, ಗಾಡಿ ಭಾರ ಬಿದ್ಮೇಲೆ ಕೊನೇ ಬಿಗಿ ಮಾಡ್ರಿ, ಇಲ್ಲಾಂದ್ರೆ ಮತ್ತೆ ಸಡ್ಲಾಗ್ತದೆ" ಎಂದು ಮಾವನವರು ಜಗುಲಿಯಿಂದ ಕೂಗಿದರು. ಗಂಗಾಧರ ಹಾಗೆಯೇ ಮಾಡಿದ. ನನ್ನ ವಿಡಿಯೋದಲ್ಲಿ ಅದು ಇರಲಿಲ್ಲವಾದ್ದರಿಂದ ನಾನು ಜಾಕಿನ ಮೇಲಿರುವಾಗಲೇ ಬಿಗಿ ಮಾಡಿ ಮುಗಿಸಿದ್ದೆ.

ಕಾವ್ಯ ಈಗ ಜೀಪು ಓಡಿಸಲು ಕಲಿತಿದ್ದಾಳೆ. ಹಿನ್ನೀರಿನ ಕಡೆ ಅಳತೆ ಇದ್ದರೆ ಅವಳಿಗೆ ಹಿಂದಿನ ದಿನವೇ ಅರ್ಜಿ ಹಾಕಬೇಕು. ಮನಸ್ಸಿದ್ದರೆ ತಾನೇ ಬಿಟ್ಟು ಬರುತ್ತಾಳೆ. ನಾನು ಎಡಗಡೆ ಸೀಟಿನಲ್ಲಿ ಕಲ್ಲಿನಂತೆ ಕೂತಿರುತ್ತೇನೆ.

ಹೋದ ವಾರ ಮತ್ತೆ ಕಟಕಟ ಎಂದಿತು. ಬಲಗಡೆ. ಕಾವ್ಯ ಜೀಪಿನಡಿ ಹಳೆಯ ಚಾಪೆ ಹಾಸಿ ಮಲಗಿ, ಸ್ಪ್ಯಾನರ್ ತಾನು ಹಿಡಿದು ಅಲೆನ್ ಕೀಯನ್ನು ನನ್ನ ಕಡೆ ಚಾಚಿದಳು. "ಗಟ್ಟಿ ಹಿಡ್ಕೊಳ್ರಿ, ತಿರುಗ್ತದೆ."

ಹಿಡಿದುಕೊಂಡೆ. ಸಡಿಲಾಗಿದ್ದ ನಟ್ಟನ್ನು ಬಿಗಿ ಮಾಡಿ ಹೊರಗೆ ಬಂದವಳು ಗ್ರೀಸಾದ ಕೈಯಿಂದಲೇ ನನ್ನ ಕೈ ಎಳೆದು ತನ್ನ ತಲೆಯ ಮೇಲಿಟ್ಟುಕೊಂಡಳು.

"ಅಪ್ಪಂಗೂ ಅಣ್ಣಂಗೂ ಹೇಳಲ್ಲ ಅನ್ರಿ. ಆಣೆ ಹಾಕಿಸ್ಕೊಂಡೆ ಅಂತನೂ ಹೇಳಲ್ಲ ಅನ್ರಿ."

ಅಂದೆ. ಸಂಜೆ ದಿನಚರಿ ತೆಗೆದು, ತಾರೀಖು ಹಾಕಿ, ನೀಟಾಗಿ ಬರೆದೆ: "ಜೀಪಿನ ಸದ್ದು ನಿಂತಿತು."